ಸೊನ್ನೆ ಎಂದು ಬರೆದ ಹೊತ್ತು

ಬೇಸಿಗೆ ಕಾಲಿಟ್ಟು ನೆಲ ಕಾಯತೊಡಗಿದ ದಿನಗಳಲ್ಲಿ, ಸಮೀಕ್ಷಾ ಕಚೇರಿಯ ಉಳಿದವರೆಲ್ಲ ಫ್ಯಾನಿನ ಕೆಳಗಿನ ಮೇಜಿಗಾಗಿ ಪೈಪೋಟಿ ನಡೆಸುತ್ತಿರುವಾಗ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಂಶೋಧಕಿ ಯಾವುದೋ ಆಸ್ಪತ್ರೆಯ ಸರದಿಯಲ್ಲಿ ಕೈಗಡಿಯಾರ ನೋಡುತ್ತ ನಿಂತಿರುತ್ತಿದ್ದರು. ಯೋಜನೆಗಳಿಗೆ ಸರ್ಕಾರ ಮಾಡುವ ಖರ್ಚನ್ನು ಅಳೆಯುವ ಅರ್ಥಶಾಸ್ತ್ರಜ್ಞರು ಹಲವರಿದ್ದಾರೆ. ಅದೇ ಯೋಜನೆಗಳಿಗಾಗಿ ಬಡವರು ಕಳೆದುಕೊಳ್ಳುವ ಹೊತ್ತನ್ನೂ ಖರ್ಚೆಂದೇ ಅಳೆದವರು ವಿರಳ.

"ಗಡಿಯಾರದಮ್ಮ ಬಂದ್ರು. ಇವತ್ತು ಡಾಕ್ಟ್ರು ಹೊತ್ತಿಗೆ ಸರಿಯಾಗಿ ಬರ್ತಾರೆ ಬಿಡು," ಎಂದು ಸರದಿಯವರು ನಗುತ್ತಿದ್ದರು.

ಅಳೆಯುವ ಈ ಕ್ರಮವನ್ನು ಅವರು ಓದಿ ಕಲಿತದ್ದಲ್ಲ, ಕೈಸುಟ್ಟುಕೊಂಡು ಕಲಿತದ್ದು. ಸೇವೆಗೆ ಸೇರಿದ ಮೂರನೆಯ ವರ್ಷ ಹಳ್ಳಿಗಾಡಿನ ಚಿಕಿತ್ಸಾಲಯಗಳ ಅಧ್ಯಯನ ಅವರ ಪಾಲಿಗೆ ಬಂತು. ಮೂರು ಚಿಕ್ಕ ಚಿಕಿತ್ಸಾಲಯಗಳಲ್ಲಿ ರೋಗಿಗಳು ಕಡಿಮೆ, ತಲಾ ವೆಚ್ಚ ಪೇಟೆಯ ಆಸ್ಪತ್ರೆಯ ನಾಲ್ಕು ಪಟ್ಟು. ಇವನ್ನು ಮುಚ್ಚಿ, ರೋಗಿಗಳನ್ನು ಪೇಟೆಗೇ ಕಳಿಸುವುದು ಲಾಭಕರ ಎಂದು ಬರೆದರು. ರೋಗಿಯ ಜೊತೆ ಹೋಗಿಬರುವವರ ಸಮಯಕ್ಕೆ ಕೋಷ್ಟಕದಲ್ಲಿ ಒಂದು ಅಂಕಣವಿತ್ತು. ಕೂಲಿಯಿಲ್ಲದ ಮನೆಹೆಂಗಸರ ಎದುರು, ಕಚೇರಿಯ ರೂಢಿಯಂತೆ, ಸೊನ್ನೆ ಬರೆದರು. ವರದಿ ಮೆಚ್ಚುಗೆ ಗಳಿಸಿತು. ಮೂರೂ ಬಾಗಿಲಿಗೆ ಬೀಗ ಬಿತ್ತು.

ವರ್ಷದ ಬಳಿಕ ಫಲಿತಾಂಶ ನೋಡಲು ಹೋದಾಗ, ಅತ್ತೆಯ ಕಾಲಿನ ಗಾಯಕ್ಕೆ ಕಟ್ಟು ಹಾಕಿಸಲು ಅವರನ್ನು ಕರೆದುಕೊಂಡು ಪೇಟೆಗೆ ಹೊರಟಿದ್ದ ಸೊಸೆಯೊಬ್ಬಳು ದಾರಿಯಲ್ಲಿ ಎದುರಾದಳು. ಇವರು ತಮ್ಮ ಕಚೇರಿಯ ಹೆಸರು ಹೇಳಿದ್ದೇ ತಡ, ಕೇಳಿದಳು:

"ಬಾಗ್ಲು ಹಾಕ್ಸಿದ್ದು ನೀವೇನಾ? ವಾರಕ್ಕೆರಡು ದಿನ ಹೀಗೇ ಹೋಗುತ್ತೆ. ನನ್ನ ಹೊತ್ತೇನು ಬಿಟ್ಟಿ ಬಿದ್ದಿದೆಯಾ ಅಕ್ಕಾ?"

ಅವರೂ ಜೊತೆಗೆ ನಡೆದರು. ಹೋಗಿಬರಲು ಏಳು ಗಂಟೆ ನಲವತ್ತು ನಿಮಿಷ. ಮರುದಿನವೇ, ತಮ್ಮ ಲೆಕ್ಕ ತಪ್ಪು, ಮೂರನ್ನೂ ತೆರೆಯಬೇಕು ಎಂದು ತಮ್ಮ ವರದಿಯ ಮೇಲೆ ತಾವೇ ಟಿಪ್ಪಣಿ ಬರೆದರು.

"ತಪ್ಪಾಯ್ತು ಅಂತ ಕಾಗದದ ಮೇಲೆ ಯಾರಾದ್ರೂ ಬರೀತಾರೇನ್ರೀ?" ಎಂದರು ನಿರ್ದೇಶಕರು. "ಬಡ್ತಿ ಹತ್ರ ಬಂದಿದೆ, ಸುಮ್ನಿರಿ."

ಸುಮ್ಮನಿರಲಿಲ್ಲ, ಬಡ್ತಿ ಆರು ವರ್ಷ ದೂರ ಸರಿಯಿತು. ಮೊದಲನೆಯ ಬಾಗಿಲು ಐದು ವರ್ಷಕ್ಕೆ ತೆರೆಯಿತು, ಎರಡನೆಯದು ಹನ್ನೆರಡಕ್ಕೆ. ಈ ನಡುವೆ ಕಿರಿಯರನ್ನು ಅವರು ಬೈದದ್ದು ಕಡಿಮೆ, ತಿದ್ದಿದ್ದು ಹೆಚ್ಚು. ಹೆಂಡತಿಯ ಬಾಣಂತನಕ್ಕೆ ಹೋದ ಸಹಾಯಕನ ಕೋಷ್ಟಕಗಳನ್ನೆಲ್ಲ ತಾವೇ ಕೂತು ಮುಗಿಸಿ, ಕೆಳಗೆ ಅವನ ಹೆಸರು ಹಾಕಿದ್ದರು. ಆದರೆ ಯಾರಾದರೂ ಸಮಯದ ಅಂಕಣದಲ್ಲಿ ಸೊನ್ನೆ ಬರೆದು ತಂದರೆ ಹಾಳೆಯನ್ನು ಮುಟ್ಟುತ್ತಲೇ ಇರಲಿಲ್ಲ. "ನಡ್ಕೊಂಡು ಹೋಗಿ ಬಾಪ್ಪ. ಆಮೇಲೆ ಮಾತಾಡೋಣ."

ಮೂರನೆಯ ಚಿಕಿತ್ಸಾಲಯಕ್ಕಾಗಿ ಏಳು ಮನವಿ ಬರೆದರು. ನಿವೃತ್ತಿಗೆ ಹತ್ತು ದಿನವಿರುವಾಗ ಏಳನೆಯದರ ಉತ್ತರ ಬಂತು: ಆ ಸ್ಥಳದಲ್ಲಿ ಹಲವು ವರ್ಷಗಳಿಂದ ಒಬ್ಬ ರೋಗಿಯೂ ದಾಖಲಾಗಿಲ್ಲ, ಆದ್ದರಿಂದ ಅಗತ್ಯ ಸಾಬೀತಾಗಿಲ್ಲ. ಆಧಾರವೆಂದು ಲಗತ್ತಿಸಿದ್ದದ್ದು ಅವರದೇ ಮೊದಲ ವರದಿ.

ಓದಿ, ಮಡಿಚಿ ಚೀಲಕ್ಕಿಟ್ಟರು. ಆ ವಾರವೇ ಸುದ್ದಿ ತಿಳಿಸಲು, ಮೂರನೆಯ ಚಿಕಿತ್ಸಾಲಯದ ಊರಿನಲ್ಲಿದ್ದ ಅದೇ ಸೊಸೆಯ ಮನೆಗೆ ಹೋದರು. ಅವಳ ತಲೆಯೂ ನರೆತಿತ್ತು.

"ಅತ್ತೆ ಹೋದ್ರು. ಈಗ ಬಿಪಿ ಮಾತ್ರೆಗೆ ನಾನೇ ನಡೀತೀನಿ," ಎಂದಳು ಆಕೆ. "ನಿಮ್ಮ ಕೈಲಾದಷ್ಟು ಮಾಡಿದ್ರಿ, ಬಿಡಿ ಅಕ್ಕಾ."

"ಹೇಗಮ್ಮಾ ಬಿಡ್ಲಿ? ಬಾಗ್ಲು ಹಾಕ್ಸಿದ್ದು ನಾನೇ ಅಲ್ವಾ?"

ನಿವೃತ್ತರಿಗೆ ವಿಶ್ರಾಂತಿ ಕೋರುವುದು ವಾಡಿಕೆ. ಅವರ ದಣಿವು ಕಂಡಿದ್ದೂ ನಾವು ಅದನ್ನು ಕೋರುತ್ತಿಲ್ಲ, ಕೋರಿದರೂ ಅವರು ಒಪ್ಪುವವರಲ್ಲ. ಕಣ್ಣು ಮಂಜಾಗದಿರಲಿ, ಕಾಲು ಸೋಲದಿರಲಿ, ಆಯುಸ್ಸು ಬೆಳೆಯಲಿ. ಅವರ ನಿವೃತ್ತಿಗೆಂದು ನಾವು ತರುತ್ತಿರುವ ಈ ಸಂಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಅವರು ಎಂಟನೆಯ ಮನವಿಯನ್ನು ಬರೆಯುತ್ತಿದ್ದಾರೆ. ಮೂರನೆಯ ಬಾಗಿಲು ಇನ್ನೂ ತೆರೆದಿಲ್ಲ.