ಲಿಫ್ಟ್ ಮಾವ ಮೆಟ್ಟಿಲು ಹತ್ತಿದ್ದು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮೊದಲೇ ಕ್ಷಮೆ ಕೇಳುತ್ತೇನೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು, ದೊಡ್ಡ ದೊಡ್ಡ ಪದಗಳು ಬರುವುದಿಲ್ಲ. ಡಾಕ್ಟರು ಹೇಳಿದ್ದರಲ್ಲಿ ಅರ್ಥವಾದಷ್ಟನ್ನು ಮಾತ್ರ ಬರೆದಿದ್ದೇನೆ. ತಪ್ಪಾದ ಸಾಲುಗಳನ್ನು ಹೊಡೆದು ಮತ್ತೆ ಬರೆದದ್ದರಿಂದ ಹಾಳೆ ಸ್ವಲ್ಪ ಕೊಳಕಾಗಿದೆ.

ಇದು ನನ್ನ ಸೋದರಮಾವನ ವಿಷಯ. ಅವರು ಲಿಫ್ಟ್ ರಿಪೇರಿ ಮಾಡುವವರು. ನಮ್ಮ ಕಟ್ಟಡದ ಮಕ್ಕಳಿಗೆಲ್ಲ ಅವರು ಲಿಫ್ಟ್ ಮಾವ. ಲಿಫ್ಟನ್ನು ಎಳೆಯುವ ಯಂತ್ರ ಕಟ್ಟಡದ ನೆತ್ತಿಯ ಮೇಲೆ ಒಂದು ಸಣ್ಣ ಕೋಣೆಯಲ್ಲಿರುತ್ತದೆ. “ನನ್ನನ್ನ ಕರೆಯೋದೇ ಲಿಫ್ಟ್ ಕೆಟ್ಟಾಗ,” ಎಂದು ಮಾವ ನಗುತ್ತಾರೆ. “ಕೆಟ್ಟ ಲಿಫ್ಟಲ್ಲಿ ಮೇಲೆ ಹೋಗೋದು ಹೇಗೆ? ಊರಿಗೆಲ್ಲ ಸವಾರಿ, ನನಗೆ ಮಾತ್ರ ಮೆಟ್ಟಿಲು.”

ಅವರ ಕಣಕಾಲು ಮುರಿದು ಪ್ಲಾಸ್ಟರ್ ಹಾಕಿದ್ದರು. ಬಹಳ ದಿನ ಮಲಗಿದ್ದಕ್ಕೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಪ್ಲಾಸ್ಟರ್ ಬಿಚ್ಚಿ ಕೆಲಸಕ್ಕೆ ಹೋದ ಮೊದಲ ದಿನವೇ ಆ ಹೆಪ್ಪು ಮೇಲಕ್ಕೆ ಹೋಗಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡಿತು. ಮಾವ ಯಾವುದೋ ಕಚೇರಿಯ ಮೆಟ್ಟಿಲ ತಿರುವಿನಲ್ಲಿ ಉಸಿರಿಲ್ಲದೆ ಕುಸಿದು ಕೂತರು. ಆಸ್ಪತ್ರೆಯವರು ಉಳಿಸಿಕೊಟ್ಟರು. ರಕ್ತ ತೆಳ್ಳಗಾಗುವ ಮಾತ್ರೆ ಶುರುವಾಯಿತು. ಆಮೇಲೆ ಮನೆಯಲ್ಲೇ ವ್ಯಾಯಾಮ.

ಮಾವನ ಮೇಸ್ತ್ರಿ ಒಂದು ದಿನ ನೋಡಲು ಬಂದು ನೇರವಾಗಿ ಹೇಳಿದರು: “ಯಂತ್ರದ ಕೋಣೆ ತನಕ ನೀನಾಗಿ ಹತ್ತೋಕೆ ಆದ್ರೆ ಬಾ. ಇಲ್ಲ ಅಂದ್ರೆ ಆಫೀಸಲ್ಲಿ ಕೂತು ದೂರಿನ ಫೋನ್ ತಗೋ.” ಅವರು ಹೋದ ಮೇಲೆ ಮಾವ ಊಟ ಮಾಡಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಇಲ್ಲದ ಮಾವನನ್ನು ನಾನು ಕಂಡೇ ಇರಲಿಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಅಕ್ಕ ಒಬ್ಬರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಕುರ್ಚಿಯಿಂದ ಎದ್ದು ಕೂರುವುದು, ನಿಂತಲ್ಲೇ ಹೆಜ್ಜೆ ಹಾಕುವುದು, ಮೆಟ್ಟಿಲೊಂದನ್ನು ಹತ್ತಿ ಇಳಿಯುವುದು. “ಮಾಡ್ತಾ ಮಾಡ್ತಾ ಪೂರ್ತಿ ವಾಕ್ಯ ಮಾತಾಡೋಕೆ ಬರಬೇಕು. ಒಂದೊಂದೇ ಪದ ಬರ್ತಿದ್ರೆ ನಿಲ್ಲಿಸಿ. ಎದೆ ನೋವು ಬಂದ್ರೆ, ತಲೆ ಸುತ್ತಿದ್ರೆ ತಕ್ಷಣ ಆಸ್ಪತ್ರೆ,” ಎಂದರು. ಆಮೇಲೆ ನನಗೆ, “ಅವರನ್ನ ಮಾತಾಡಿಸೋದು ನಿನ್ನ ಕೆಲಸ,” ಎಂದರು. ನೆಂಟರು ಬಂದರೆ ಅಡುಗೆಮನೆ ಸೇರುವ ನನಗೆ ಈ ಕೆಲಸ! ನಾನು ಬೇರೇನೂ ತೋಚದೆ ಲಿಫ್ಟಿನ ಬಗ್ಗೆಯೇ ಕೇಳುತ್ತಿದ್ದೆ. ಕೇಳಿದ್ದೇ ತಡ, ಮಾವನ ಬಾಯಿ ಬ್ರೇಕ್ ಇಲ್ಲದ ಗಾಡಿ.

ನಮ್ಮ ಮನೆ ನೆಲಮಹಡಿಯಲ್ಲಿ, ಬಾಗಿಲ ಎದುರಿಗೇ ಮೆಟ್ಟಿಲು. ಮೆಟ್ಟಿಲು ಹಳೆಯ ಜಾಲರಿ ಲಿಫ್ಟನ್ನು ಸುತ್ತಿಕೊಂಡು ಮೇಲೇರುತ್ತದೆ. ಮಾವ ಮೊದಲ ಮೆಟ್ಟಿಲಲ್ಲಿ ಹತ್ತಿಳಿಯುವುದನ್ನು ಗಟ್ಟಿಯಾಗಿ ಕಲಿತರು. ಆದರೆ ಆ ಅಕ್ಕ, “ಸ್ಕ್ಯಾನ್ ಚೆನ್ನಾಗಿದೆ, ಡಾಕ್ಟರೂ ಒಪ್ಪಿದಾರೆ, ಇನ್ನು ತಿರುವಿಗೊಮ್ಮೆ ಕೂತು ಮೇಲೆ ಹತ್ತಿ,” ಎಂದಾಗ ಅವರಿಗೆ ನೂರು ನೆಪ. ಇವತ್ತು ಚಪ್ಪಲಿ ಸರಿಯಿಲ್ಲ. ಇವತ್ತು ಸೆಕೆ. ಈ ಕಟ್ಟಡದ ಮೆಟ್ಟಿಲೇ ಎತ್ತರ ಜಾಸ್ತಿ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಎಂದರು ಅಮ್ಮ. ಅಮ್ಮ ಮಾವನಿಗೆ ಅಕ್ಕ, ಬಿಟ್ಟುಕೊಡುವವರಲ್ಲ.

ಇನ್ನೊಂದು ತೊಂದರೆ ಇತ್ತು. ಹೋಗಿಬರುವವರೆಲ್ಲ ಮಾವನ ಮುಂದೆ ನಿಂತು ಸಲಹೆ ಕೊಡುತ್ತಿದ್ದರು. ಒಬ್ಬರು ಬಿಸಿನೀರು ಎಂದರೆ ಇನ್ನೊಬ್ಬರು ತಣ್ಣೀರು ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಮಾವ ತಮ್ಮ ಸಾಮಾನಿನ ಚೀಲದಿಂದ ತಗಡಿನ ಬೋರ್ಡು ತೆಗೆದು ಮೆಟ್ಟಿಲ ಕಂಬಿಗೆ ನೇತುಹಾಕಿದರು: ‘ಕೆಲಸ ನಡೆಯುತ್ತಿದೆ, ಬಳಸಬೇಡಿ.’ ಈ ಬೋರ್ಡು ಹಾಕದೆ ಲಿಫ್ಟಿನವರು ಒಂದು ಬೋಲ್ಟನ್ನೂ ಮುಟ್ಟುವುದಿಲ್ಲವಂತೆ.

“ಮಾವ, ಇದು ಮೆಟ್ಟಿಲು,” ಎಂದೆ.

“ಕೆಲಸ ನಡೀತಾ ಇದೆಯೋ ಇಲ್ವೋ?”

ನಡೀತಾ ಇದೆ ಎಂದು ಒಪ್ಪಿಕೊಂಡೆ.

ಜನ ಬೋರ್ಡು ನಂಬಿದರು. ಸಲಹೆ ಕೊಡುವವರು ಬರಲಿಲ್ಲ. ಮಾವ ಶಿಳ್ಳೆ ಹಾಕುತ್ತಾ ಮೆಟ್ಟಿಲೊಂದನ್ನು ಹತ್ತಿಳಿದರು. ಆದರೆ ಮೆಟ್ಟಿಲು ಮುಚ್ಚಿದರೆ ಎಲ್ಲರೂ ಲಿಫ್ಟಿಗೇ ಬರುತ್ತಾರೆಂದು ನಾವಿಬ್ಬರೂ ಯೋಚಿಸಲಿಲ್ಲ. ಅಮ್ಮ ಮೇಲಿನ ಮನೆಯವರಿಗೆ ತಂದ ಬಟಾಣಿ ಚೀಲ ಹಿಡಿದು ಹತ್ತಿದರು. ನಾಲ್ಕನೇ ಮಹಡಿಯ ನಿವೃತ್ತ ಮೇಡಂ ತೂರಿಕೊಂಡರು. ಅಕ್ಕಿ ಮೂಟೆ ಹೊತ್ತವರೊಬ್ಬರು ಹೊಕ್ಕರು. ಎರಡನೇ ಮಹಡಿ ದಾಟಿದ್ದೇ ಲಿಫ್ಟು ‘ಗರ್ರ್’ ಎಂದು ನಿಂತಿತು.

ಕಂಪನಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಮೇಲೆ ಬರುತ್ತೇವೆ ಎಂದರು. ನಮ್ಮ ಲಿಫ್ಟನ್ನು ನೋಡಿಕೊಳ್ಳುವವರೂ ಮಾವನೇ ಆದ್ದರಿಂದ ಯಂತ್ರದ ಕೋಣೆಯ ಬೀಗದಕೈ ಇದ್ದದ್ದು ಅವರ ಹತ್ತಿರ. ಮಾವ ಜಾಲರಿಗೆ ಹಣೆ ಒತ್ತಿ ಮೇಲೆ ನೋಡುತ್ತಿದ್ದರು.

“ನೀನು ಹತ್ತಬೇಡ ಕಣೋ!” ಅಮ್ಮನ ಕೂಗು ಬಂತು. “ನಾವು ಬಟಾಣಿ ಸುಲೀತಾ ಕೂತಿರ್ತೀವಿ!”

“ನಾನು ಕೂರೋದಿಲ್ಲ,” ಎಂದರು ಮೇಡಂ. “ನನಗೆ ಒಂದು ತುರ್ತು ಇದೆ. ಏನು ಅಂತ ಗಂಡಸರ ಮುಂದೆ ಹೇಳೋಕಾಗಲ್ಲ.”

ಮಾವ ನನ್ನ ಕಡೆ ತಿರುಗಿದರು. “ನಡಿ. ಏನಾದ್ರೂ ಕೇಳ್ತಾ ಇರು.”

ನಾನು ಬೋರ್ಡು ತೆಗೆದಿಟ್ಟು ಅವರ ಪಕ್ಕ ಹೊರಟೆ. ತುಂಬಿದ ಲಿಫ್ಟನ್ನು ಇಳಿಸುವುದು ಹೇಗೆ ಎಂದು ಕೇಳಿದೆ. “ತುಂಬಿದ್ದು ತಾನಾಗೇ ಇಳಿಯುತ್ತೆ, ಕರೆಂಟ್ ತೆಗೆದು ಬ್ರೇಕನ್ನ ಚೂರುಚೂರೇ ಬಿಡಬೇಕು ಅಷ್ಟೆ,” ಎಂದರು. ಪೂರ್ತಿ ವಾಕ್ಯ. ಮೊದಲ ತಿರುವಿನಲ್ಲಿ ಕೂತೆವು, ಎದ್ದೆವು. ಎರಡನೆಯ ಮಹಡಿ ದಾಟುವಾಗ ಜಾಲರಿಯೊಳಗೆ ಅಮ್ಮನ ಚಪ್ಪಲಿ ಕಂಡವು.

“ಈ ವೇಗದಲ್ಲಿ ಹತ್ತಿದ್ರೆ ಬಟಾಣಿ ಮೊಳಕೆ ಒಡೆಯುತ್ತೆ,” ಎಂದರು ಮೇಡಂ.

ಮಾವ ನಗಲಿಲ್ಲ. ಮುಂದಿನ ತಿರುವಿನಲ್ಲಿ ಕಂಬಿ ಹಿಡಿದು ನಿಂತುಬಿಟ್ಟರು. ಎದೆ ಏರಿಳಿಯುತ್ತಿತ್ತು, ಮುಖ ಬೆವರಿತ್ತು. “ಇದೇ... ಥರ... ಶುರುವಾಗಿತ್ತು,” ಎಂದರು.

ಅವರನ್ನು ಅಲ್ಲೇ ಕೂರಿಸಿ, ಆ ಅಕ್ಕ ಹೇಳಿದ್ದನ್ನೇ ಕೇಳಿದೆ. “ಎದೆ ನೋಯ್ತಾ ಇದೆಯಾ?” ಇಲ್ಲವೆಂದು ತಲೆಯಾಡಿಸಿದರು. “ತಲೆ ಸುತ್ತುತ್ತಾ?” ಇಲ್ಲ. “ಹಾಗಾದ್ರೆ ಇದು ಹತ್ತಿದ್ದಕ್ಕೆ ಬಂದ ಏದುಸಿರು ಮಾವ. ನನಗೂ ಬಂದಿದೆ, ನೋಡಿ.” ನಿಜಕ್ಕೂ ಬಂದಿತ್ತು. ಮೂಗಿನಿಂದ ಎಳೆದು, ಬಿಸಿ ಹಾಲು ಆರಿಸುವ ಹಾಗೆ ತುಟಿಯಿಂದ ಮೆಲ್ಲಗೆ ಊದಿದೆವು. ಫೋನನ್ನು ಕೈಯಲ್ಲೇ ಹಿಡಿದಿದ್ದೆ.

ಅಲ್ಲಿಂದ ಲಿಫ್ಟಿನ ಒಳಗೆಲ್ಲ ಕಾಣುತ್ತಿತ್ತು. ಅಮ್ಮ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮನನ್ನೇ ನೋಡುತ್ತಿದ್ದರು. ಒಂದು ಕೊಂಕೂ ಬರಲಿಲ್ಲ. “ಕೂತ್ಕೋ ಮರಿ,” ಎಂದರು ಕೊನೆಗೆ. “ನಮಗೇನೂ ಅವಸರ ಇಲ್ಲ.” ಮೇಡಂ ಕೂಡ ತಮ್ಮ ತುರ್ತನ್ನು ತಡೆದುಕೊಂಡು ತಲೆಯಾಡಿಸಿದರು, ಪಾಪ.

ಸ್ವಲ್ಪ ಹೊತ್ತಿಗೆ ಮಾವನ ಭುಜ ಸಡಿಲವಾಯಿತು. “ಏದುಸಿರು ಇಳೀತಾ ಇದೆ,” ಎಂದರು. ಇನ್ನಷ್ಟು ಹೊತ್ತು ಬಿಟ್ಟು, “ಆವತ್ತು ಇಳೀಲೇ ಇಲ್ಲ ಪುಟ್ಟಿ. ಎಷ್ಟು ಕೂತ್ರೂ ಇಳೀಲಿಲ್ಲ. ಇವತ್ತು ಇಳೀತು ನೋಡು,” ಎಂದರು. ಅದು ಪೂರ್ತಿ ವಾಕ್ಯವೇ ಆಗಿತ್ತು. ನಾನು ಅವರ ಕೈ ಹಿಡಿದು ಎಬ್ಬಿಸಿದೆ.

ಉಳಿದ ದಾರಿಯಲ್ಲಿ ತಿರುವು ಬಂದಲ್ಲೆಲ್ಲ ಕೂತೆವು. ಕೂತಾಗ ಮಾವ ನಗುತ್ತಿದ್ದರು. ಯಂತ್ರದ ಕೋಣೆಯಲ್ಲಿ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದರು. ಬ್ರೇಕಿನ ಸನ್ನೆಕೋಲನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಲಿಫ್ಟನ್ನು ಎರಡನೇ ಮಹಡಿಗೆ ತಂದು ಕೂರಿಸಿದರು. ಬಾಗಿಲು ತೆರೆದ ಸದ್ದಿಗಿಂತ ಮೊದಲು ಮೇಡಂ ಓಡಿದ ಸದ್ದು ಕೇಳಿತು.

ಸಂಜೆ ವ್ಯಾಯಾಮದ ಅಕ್ಕನಿಗೆ ಎಲ್ಲವನ್ನೂ ಹೇಳಿದೆವು. ಒಂದೇ ಏಟಿಗೆ ನಾಲ್ಕು ಮಹಡಿ ಯಾರು ಹೇಳಿದ್ದು ಎಂದು ಇಬ್ಬರಿಗೂ ಬೈದರು. ಆಮೇಲೆ ಉಸಿರು ಎಷ್ಟು ಬೇಗ ಸರಿಹೋಯಿತು, ಕಾಲು ಊದಿದೆಯೇ ಎಂದು ಕೇಳಿಕೊಂಡು, ಕೆಲಸದ ಮಾತಿಗೆ ಮೊದಲು ಡಾಕ್ಟರಿಗೆ ತೋರಿಸಿ ಎಂದರು. ಮಾವ ಮೇಸ್ತ್ರಿಗೆ ತಾವೇ ಫೋನ್ ಮಾಡಿದರು.

“ಡಾಕ್ಟರು ಒಪ್ಪಿದ್ರೆ ಹತ್ತುತೀನಿ. ಆದ್ರೆ ಕೂತು ಕೂತು ಹತ್ತುತೀನಿ.”

“ಕೂತ್ಕೊಂಡೇ ಬಾರಯ್ಯ,” ಎಂದರಂತೆ ಅವರು. “ಲಿಫ್ಟ್ ಕೆಟ್ಟು ಸಿಕ್ಕಿಕೊಂಡವರು ಕಾಯದೆ ಎಲ್ಲಿಗೆ ಹೋಗ್ತಾರೆ?”

ನಾಳೆ ಬೆಳಿಗ್ಗೆ ಮಾವನ ಜೊತೆ ಡಾಕ್ಟರ ಹತ್ತಿರ ಹೋಗುತ್ತೇನೆ. ಅವರು ಒಪ್ಪಿದರೆ, ಸೋಮವಾರದಿಂದ ಮೊದಲ ವಾರ ಮಾವನ ಕೆಲಸದ ಕಟ್ಟಡಗಳಿಗೂ ಹೋಗಿ, ಮೆಟ್ಟಿಲಲ್ಲಿ ಪಕ್ಕದಲ್ಲೇ ಹತ್ತುತ್ತಾ ಅವರನ್ನು ಮಾತಾಡಿಸುತ್ತೇನೆ.