ಅಲೆಗೆ ಕೋನ ಎಲ್ಲಿಂದ ಬಂತು

ಇಂಜಿನಿಯರಿಂಗ್ ಓದುವಾಗ ಸಿಗ್ನಲ್ಸ್ ಪರೀಕ್ಷೆಯಲ್ಲಿ ನಾನು ಒಮ್ಮೆ ಫೇಲಾದೆ. ಅಮ್ಮ ಬೈಯಲಿಲ್ಲ, "ಇನ್ನೊಂದ್ಸಲ ಬರಿ" ಎಂದಳು, ಅಷ್ಟೇ. ಅವಳು ಕೊಟ್ಟಿಗೆಹಾರದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು; ನಮ್ಮ ಮನೆ ಶಾಲೆಯ ಹಿಂದೆಯೇ ಇತ್ತು.

ಆ ರಜೆಯಲ್ಲಿ ನನಗೆ ಪಾಠ ಹೇಳಿಕೊಡಲು ಬರುತ್ತಿದ್ದವಳು ನನ್ನ ಕ್ಲಾಸಿನವಳೇ, ಬಣಕಲ್‌ನ ಗೆಳತಿ. ಗ್ಯಾರೇಜು ನಡೆಸುತ್ತಿದ್ದ ಅವಳ ಅಬ್ಬ ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ತಂದು ಬಿಟ್ಟು, "ಇಬ್ರೂ ಮಾತಾಡ್ತಾ ಕೂರ್ಬೇಡಿ, ಓದಿ" ಎಂದು ಹೇಳಿ ಹೋಗುತ್ತಿದ್ದರು. ಸ್ಕೂಟರು ತಿರುವು ದಾಟುವವರೆಗೆ ನಾವು ಸುಮ್ಮನಿರುತ್ತಿದ್ದೆವು.

ನಾನು ಸಿಕ್ಕಿಕೊಂಡಿದ್ದು ಫೇಸ್ ಆ್ಯಂಗಲ್‌ನಲ್ಲಿ. ಅಲೆಯಂತೆ ಏರಿಳಿಯುವ ಒಂದು ಸಿಗ್ನಲ್ ಅಂಥದ್ದೇ ಇನ್ನೊಂದಕ್ಕಿಂತ ತೊಂಬತ್ತು ಡಿಗ್ರಿ ಹಿಂದಿದೆ ಎನ್ನುತ್ತಿತ್ತು ಪುಸ್ತಕ.

"ಅಲೆಗೆ ಮೂಲೆನೇ ಇಲ್ವಲ್ಲೇ, ಕೋನ ಎಲ್ಲಿಂದ ಬಂತು?" ಎಂದೆ.

ಅವಳು ಸೂತ್ರ ಬರೆದಳು. ಮತ್ತೆ ಅದನ್ನೇ ಬರೆದಳು. ನನಗೆ ಅಳುವೇ ಬಂತು. ಅವಳು ಪೆನ್ನು ಬಿಸಾಕಿ, "ಏಳು ಮಾರಾಯ್ತಿ, ಹೊರಗೆ ಹೋಗಣ" ಎಂದಳು.

ಶಾಲೆಯ ಅಂಗಳದಲ್ಲಿ ಅಕ್ಕಪಕ್ಕ ಎರಡು ಉಯ್ಯಾಲೆಗಳಿದ್ದವು. ಚಿಕ್ಕ ಮಕ್ಕಳ ಉಯ್ಯಾಲೆ, ನಮಗೆ ಇಕ್ಕಟ್ಟು. ಆದರೂ ಕೂತು ಜೀಕಿದೆವು. ಇಬ್ಬರೂ ಏರುತ್ತಿದ್ದ ಎತ್ತರ ಒಂದೇ, ಹೋಗಿಬರಲು ಹಿಡಿಯುತ್ತಿದ್ದ ಹೊತ್ತೂ ಒಂದೇ. ಆದರೆ ಜೊತೆ ಮಾತ್ರ ಆಗಲಿಲ್ಲ. ನಾನು ನಡುಮಧ್ಯದಲ್ಲಿ ಮುಂದಕ್ಕೆ ನುಗ್ಗುವಾಗ ಅವಳು ಇನ್ನೂ ಹಿಂದಿನ ತುದಿಯಲ್ಲಿರುತ್ತಿದ್ದಳು.

"ನೀನ್ಯಾಕೆ ಯಾವಾಗ್ಲೂ ಹಿಂದೆ?" ಎಂದು ಕೂಗಿದೆ.

ಅವಳು ನೆಲಕ್ಕೆ ಕಾಲೊತ್ತಿ ಉಯ್ಯಾಲೆ ನಿಲ್ಲಿಸಿಬಿಟ್ಟಳು. "ತಡಿ ತಡಿ. ಒಂದ್ಸಲ ಹೋಗಿ ಬರೋದನ್ನ ಒಂದು ಪೂರ್ತಿ ಸುತ್ತು ಅನ್ಕೋ. ಮುನ್ನೂರ ಅರವತ್ತು ಡಿಗ್ರಿ. ನಾನು ನಿನ್ಗಿಂತ ಕಾಲು ಸುತ್ತು ಹಿಂದಿದ್ದೆ."

"ತೊಂಬತ್ತು!" ಎಂದೆ. "ಹಂಗಾದ್ರೆ ನೀನು ಮುಂದಿನ ತುದೀಲಿ, ನಾನು ಹಿಂದಿನ ತುದೀಲಿ ಇದ್ರೆ ನೂರ ಎಂಬತ್ತು!"

ಅದನ್ನೂ ಮಾಡಿ ನೋಡಿದೆವು. ಸರಪಳಿಯ ಕಿರುಗುಟ್ಟುವಿಕೆ ಕೇಳಿ ಅಮ್ಮ ಓಡಿ ಬಂದಳು.

"ಕತ್ತೆಗಳಾ, ಮಕ್ಕಳ ಉಯ್ಯಾಲೆ ಮುರೀತೀರಾ?"

"ಓದ್ತಿದೀವಿ ಅಮ್ಮಾ!" ಎಂದೆ. ಗೆಳತಿ ನಗು ತಡೆಯಲಾರದೆ ಕೆಳಗೆ ಕೂತುಬಿಟ್ಟಳು.

ಆ ಸಲ ನಾನು ಪಾಸಾದೆ. ಈಗ ಅವಳು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಅದೇ ವಿಷಯ ಪಾಠ ಮಾಡುತ್ತಾಳೆ. ಮೊನ್ನೆ ಕಾಫಿ ಕುಡಿಯುತ್ತಾ ನಿಜ ಹೇಳಿದಳು: "ನಾನು ಸೂತ್ರ ಬಾಯಿಪಾಠ ಮಾಡಿ ಪಾಸಾಗಿದ್ದೆ ಕಣೇ. ನಂಗೂ ಅರ್ಥ ಆಗಿದ್ದು ಅವತ್ತೇ."

"ಮತ್ತೆ ಯಾವ ಧೈರ್ಯದ ಮೇಲೆ ಪಾಠ ಹೇಳಕ್ಕೆ ಬರ್ತಿದ್ದೆ?"

"ನೀನೊಬ್ಳೇ ಕೂತು ಓದೋದು ನಂಗೆ ಸರಿ ಕಾಣ್ಲಿಲ್ಲ" ಎಂದಳು.