ಬಾಲದ ಪಟ್ಟಿ ಎಷ್ಟು?

ಮೊನ್ನೆ ಅಟ್ಟ ಗುಡಿಸುವಾಗ ಬಿದಿರಿನ ಮಂಕರಿಯೊಂದು ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ಈಗಲೂ ನುಚ್ಚು, ಕೋಳಿಪುಕ್ಕಗಳ ವಾಸನೆ. ಆಚೆಮನೆಯ ದೊಡ್ಡಮ್ಮ ನೆನಪಾಗಿ ಒಬ್ಬಳೇ ನಕ್ಕೆ.

ನಾನು ಗುಂಡ್ಲುಪೇಟೆ ಕಡೆಯಿಂದ ಗಡಿಯಾಚೆಯ ಮಲೆಯಾಳ ಸೀಮೆಯ ಪೆರಿಕಲ್ಲೂರಿಗೆ ಸೊಸೆಯಾಗಿ ಬಂದ ಹೊಸತು. ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಂಗಳದಲ್ಲಿ ನೆರಳು ಸರಿದದ್ದು ತಿಳಿಯುತ್ತಿತ್ತು, ಮೇಲೆ ಹಾರುವ ಹಕ್ಕಿ ಯಾವುದೆಂದು ಮಾತ್ರ ಕಾಣುತ್ತಿರಲಿಲ್ಲ. ಬೇಲಿಯಾಚೆಯಿಂದ ನನ್ನನ್ನು 'ಮೋಳೇ', ಅಂದರೆ ಮಗಳೇ, ಎಂದು ಕೂಗುತ್ತಿದ್ದರು.

"ಮೋಳೇ, ಬಾಲ ನೋಡು! ಪಟ್ಟಿ ಎಷ್ಟವೆ?"

ಬಾಲಕ್ಕೆ ಅಗಲವಾದ ಒಂದೇ ಬಿಳಿ ಪಟ್ಟಿ, ರೆಕ್ಕೆಯ ಅಂಚಿನುದ್ದಕ್ಕೂ ಅಂಥದ್ದೇ ಇನ್ನೊಂದು ಇದ್ದರೆ ಅದು ಹಾವು ತಿನ್ನುವ ಹದ್ದು, ಕೋಳಿಗಳು ಮೇಯುತ್ತಿರಲಿ. ಬಾಲದ ತುಂಬ ಕಪ್ಪು ಗೆರೆಗಳಿದ್ದರೆ ಗಿಡುಗ. ಕೂಡಲೇ ಕೋಳಿಗಳ ಮೇಲೆ ಮಂಕರಿ ಕವುಚಬೇಕು.

ಒಂದು ದಿನ ಬಿಸಿಲು ಕಣ್ಣಿಗೆ ಹೊಡೆದು ಏನೂ ಕಾಣಲಿಲ್ಲ. ಗೊತ್ತಿಲ್ಲ ಎನ್ನಲು ನನ್ನ ಜಂಬ ಬಿಡಬೇಕಲ್ಲ! "ಒಂದೇ" ಎಂದುಬಿಟ್ಟೆ. ಅಷ್ಟರಲ್ಲಿ ಗಿಡುಗ ಎರಗಿ ತಾಯಿಕೋಳಿಯನ್ನು ಎತ್ತಿಕೊಂಡು ಹೋಯಿತು. ಹನ್ನೊಂದು ಮರಿಗಳು ಅಂಗಳದ ತುಂಬ ಕಿರುಚಾಡಿದವು. ನನಗೆ ಅಳುವೇ ಬಂತು.

ಬೈಗುಳಕ್ಕೆ ಕಾದು ನಿಂತೆ. ದೊಡ್ಡಮ್ಮ ಮರಿಗಳನ್ನೆಲ್ಲ ಮಂಕರಿಗೆ ತುಂಬಿ ನನ್ನ ಕೈಗಿಟ್ಟರು.

"ತಾಯಿನ ಕಳ್ದೋಳು ನೀನು, ಇನ್ ಇವುಕ್ಕೆ ನೀನೇ ತಾಯಿ. ಕಾಣಕಿಲ್ಲ ಅಂದ್ರೆ ಕಾಣಕಿಲ್ಲ ಅನ್ನು. ಅದ್ರಲ್ಲಿ ನಾಚ್ಕೆ ಎಂತದು?"

ಮರುದಿನದಿಂದ ಕಾಫಿ ಒಣಗಿಸುವ ಕಣದಲ್ಲಿ ಅಂಗಾತ ಮಲಗಿ ಆಕಾಶ ನೋಡುವುದೇ ನನ್ನ ಪಾಠ. ಮರಿಗಳು ಹೊಟ್ಟೆಯ ಮೇಲೆ ಹತ್ತಿ ಇಳಿಯುತ್ತಿದ್ದವು. ಹೊಸ ಸೊಸೆಗೆ ಗಾಳಿ ಹಿಡಿದಿದೆಯೆಂದು ನಮ್ಮತ್ತೆ ತಾಯತ ತರಿಸಿದರು. ತಾಯತ ಕಟ್ಟಿಕೊಂಡೇ ಮಲಗಿದೆ! ಒಂದು ಮರಿಯನ್ನೂ ಗಿಡುಗಕ್ಕೆ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಬತ್ತೇರಿ ಪೇಟೆಯ ಆಸ್ಪತ್ರೆಯಲ್ಲಿ ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಸಂತೋಷಪಟ್ಟೆ, ಒಳಗೊಳಗೇ ಪೆಚ್ಚೂ ಆದೆ. ಇನ್ನು ನನ್ನನ್ನೇಕೆ ಕರೆದಾರು? ಕಪ್ಪು ಕನ್ನಡಕ ಹಾಕಿಕೊಂಡು ಅವರು ಅಂಗಳಕ್ಕೆ ಬಂದ ದಿನವೇ ಮೇಲೆ ಹಕ್ಕಿಯೊಂದು ಸುತ್ತತೊಡಗಿತು. ನಾನು ಬಾಯಿ ಬಿಗಿದುಕೊಂಡು ನಿಂತೆ. ಅವರು ಕನ್ನಡಕ ತೆಗೆದು, ತಲೆಯೆತ್ತಿ, ಚೆನ್ನಾಗಿ ನೋಡಿದರು... ಆಮೇಲೆ ಬೇಕೆಂದೇ ಕಣ್ಣು ಮುಚ್ಚಿಕೊಂಡರು.

"ಎಂತ ಸುಮ್ನೆ ನಿಂತೆ ಮೋಳೇ? ಪಟ್ಟಿ ಎಷ್ಟವೆ?"

ದೊಡ್ಡಮ್ಮ ಹೋಗಿ ಎರಡು ವರ್ಷವಾಯಿತು. ಆಚೆಮನೆಯಲ್ಲಿ ಈಗ ಕೋಳಿಗಳೂ ಇಲ್ಲ. ನಿನ್ನೆ ಕಬಿನಿಯ ಕಡೆಯಿಂದ ಒಂದು ಹದ್ದು ತೇಲಿಬಂತು. ಒಂದೇ ಪಟ್ಟಿ, ಎಷ್ಟು ಸ್ಪಷ್ಟ! ಖುಷಿಯಲ್ಲಿ ಬೇಲಿಯವರೆಗೂ ಓಡಿದೆ, ಹೇಳಲು ಬಾಯಿ ತೆರೆದೆ... ಕೇಳುವವರು ಇರಲಿಲ್ಲ.